ಮದುವೆ ಸಿಡಿ ಒರೆಸುವ ಮೊದಲು

ಸಿಡಿ ಕೈಗೆ ಸಿಕ್ಕ ಕೂಡಲೇ ಅದನ್ನು ಮಗುಚಿ, ಹೊಳೆಯುವ ಮೈಯನ್ನು ಹೆಗಲ ಟವೆಲಿಗೋ ಸೀರೆ ಸೆರಗಿಗೋ ಉಜ್ಜುವುದು ನಮ್ಮಲ್ಲಿ ರೂಢಿ. ಉಜ್ಜುವುದೂ ದುಂಡಗೆ, ಗಸಗಸ. ಹೀಗೆ ಉಜ್ಜಿಸಿಕೊಂಡು ಮತ್ತೆ ಓಡಿದ ಸಿಡಿಗಳಿಗಿಂತ ಉಜ್ಜಿಸಿಕೊಂಡೇ ಹಾಳಾದವು ಹೆಚ್ಚಿರಬೇಕು. ಟವೆಲಿನ ಎಳೆಗಳಲ್ಲಿ ಹೊಲದ ದೂಳಿರುತ್ತದೆ. ದೂಳೆಂದರೆ ಸಣ್ಣ ಮರಳು. ಮರಳು ಪ್ಲಾಸ್ಟಿಕ್ಕಿಗಿಂತ ಗಟ್ಟಿ. ಮಿಕ್ಕದ್ದನ್ನು ಹೇಳಬೇಕಿಲ್ಲ.

ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಯಾರ ಮನೆಯ ಬೀರು ತೆರೆದರೂ ಇಂಥ ಹತ್ತಾರು ಬಿಲ್ಲೆಗಳು ಸಿಗುತ್ತವೆ. 2000ದಿಂದ ಹೆಚ್ಚುಕಡಿಮೆ ಹದಿನೈದು ವರ್ಷ ನಡೆದ ಮದುವೆಗಳೆಲ್ಲ ಸ್ಟುಡಿಯೊದವರ ಕೈಯಿಂದ ಮನೆಗೆ ಬಂದದ್ದು ವಿಸಿಡಿ, ಡಿವಿಡಿ ರೂಪದಲ್ಲಿ. ಗುಗ್ಗಳದ ಮುಂದೆ ಕುಣಿದ ವೀರಗಾಸೆ, ಧಾರೆಯ ಹೊತ್ತಿನ ಗದ್ದಲ, ಊಟದ ಪಂಕ್ತಿಯಲ್ಲಿ ಕ್ಯಾಮೆರಾ ಕಂಡು ಮುಖ ತಿರುಗಿಸಿದ ದೊಡ್ಡಪ್ಪ, ಎಲ್ಲ ಅದರಲ್ಲೇ. ಅಂತರಘಟ್ಟೆ ಜಾತ್ರೆಗೆ ಹೊರಟ ಪಾನಕದ ಗಾಡಿ, ಶಾಲೆಯ ವಾರ್ಷಿಕೋತ್ಸವ, ಮಗುವಿನ ನಾಮಕರಣ ಕೂಡ. ಪಕ್ಕದಲ್ಲಿ ಅಂಗಡಿಯಿಂದ ತಂದ ಸಿನಿಮಾಗಳು, ಎಂಪಿ3 ಭಾವಗೀತೆ, ವಚನಗಾಯನ. ಮೋಸರ್ ಬೇರ್ ಕಂಪನಿ 28 ರೂಪಾಯಿಗೆ ವಿಸಿಡಿ, 34 ರೂಪಾಯಿಗೆ ಡಿವಿಡಿ ಮಾರಿದ ಕಾಲವಿತ್ತು. ಆ ಕಂಪನಿಯೇ 2018ರಲ್ಲಿ ದಿವಾಳಿಯಾಯಿತು. ಕೊನೆಯದಾಗಿ, ಆಸ್ಪತ್ರೆಯ ದೊಡ್ಡ ಲಕೋಟೆಯೊಳಗೆ ಎಂಆರ್‌ಐ, ಸಿಟಿ ಸ್ಕ್ಯಾನಿನ ಸಿಡಿ.

ಮೊದಲು ಇವನ್ನು ಎರಡು ಗುಡ್ಡೆ ಮಾಡಿಕೊಳ್ಳಿ. ಸಿನಿಮಾ, ಹಾಡು ಇನ್ನೆಲ್ಲಾದರೂ ಸಿಕ್ಕೀತು. ಮದುವೆಯದು, ಜಾತ್ರೆಯದು, ಸ್ಕ್ಯಾನಿನದು ಜಗತ್ತಿನಲ್ಲಿ ಒಂದೇ ಪ್ರತಿ. ಮುಂದೆ ಹೇಳುವ ಕೆಲಸಗಳನ್ನೆಲ್ಲ ಮೊದಲ ಗುಡ್ಡೆಯ ಒಂದು ಬೇಡದ ಸಿಡಿಯ ಮೇಲೆ ಮಾಡಿ ಕೈ ಪಳಗಿಸಿಕೊಂಡು, ಆಮೇಲೆ ಎರಡನೆಯದಕ್ಕೆ ಕೈ ಹಾಕಿ. ಗುರಿಯನ್ನೂ ಚಿಕ್ಕದಾಗಿ ಇಟ್ಟುಕೊಳ್ಳಿ: ಸಿಡಿ ಹೊಸದರಂತೆ ಫಳಫಳ ಹೊಳೆಯಬೇಕಿಲ್ಲ, ಒಂದೇ ಒಂದು ಸಲ ಆರಂಭದಿಂದ ಕೊನೆವರೆಗೆ ಓದಿಸಿಕೊಂಡರೆ ಸಾಕು. ಆ ಒಂದು ಸಲದಲ್ಲಿ ನಕಲು ತೆಗೆದುಕೊಂಡರೆ ನಿಮ್ಮ ಕೆಲಸ ಮುಗಿಯಿತು.

ಯಾವ ಮೈ ನಾಜೂಕು?

ಬಹಳ ಜನ ತಪ್ಪು ತಿಳಿದಿರುವುದು ಇಲ್ಲೇ. ಸಿಡಿ 120 ಮಿಲಿಮೀಟರ್ ಅಗಲ, 1.2 ಮಿಲಿಮೀಟರ್ ದಪ್ಪದ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ಕಿನ ಬಿಲ್ಲೆ. ನಾವು ಜೋಪಾನ ಮಾಡುವ ಹೊಳೆಯುವ ಕೆಳಮೈ ಈ ದಪ್ಪ ಪ್ಲಾಸ್ಟಿಕ್ಕಿನದು. ಹಾಡು, ಚಿತ್ರ, ಮಾಹಿತಿ ಇರುವುದು ಪ್ಲಾಸ್ಟಿಕ್ಕಿನ ಆಚೆ ಬದಿಗೆ, ಅಂದರೆ ಹೆಸರು ಬರೆದ ಮೇಲ್ಮೈಗೆ ತಾಗಿಕೊಂಡು. ಅಲ್ಲಿ ಕೂದಲೆಳೆಗಿಂತ ತೆಳುವಾದ ಲೋಹದ ಪದರ, ಅದರ ಮೇಲೆ ತೆಳುವಾದ ಮೆರುಗೆಣ್ಣೆ, ಅದರ ಮೇಲೆ ಬಣ್ಣ ಅಥವಾ ಕಾಗದದ ಚೀಟಿ. ಕೆಳಮೈ ಮೇಲೆ ಗೀರು ಬಿದ್ದರೆ ಇನ್ನೂ ದಾರಿಯುಂಟು. ಮೇಲ್ಮೈಯನ್ನು ಉಗುರಲ್ಲಿ ಕೆರೆದರೆ ಮಾಹಿತಿಯೇ ಕಿತ್ತುಬರುತ್ತದೆ. ಹೀಗಾಗಿ ಸಿಡಿಯನ್ನು ‘ಹೊಳೆಯುವ ಮೈ ಕೆಡಬಾರದು’ ಎಂದು ಮೇಲ್ಮೈ ಕೆಳಗಾಗಿ ಕಡಪಾ ಕಲ್ಲಿನ ಮೇಲೆ ಎಳೆದಾಡುವವರು ಗಟ್ಟಿಮುಟ್ಟಾದದ್ದನ್ನು ಕಾಪಾಡಿ, ಜೀವವಿರುವ ಕಡೆ ಗಾಯ ಮಾಡುತ್ತಾರೆ.

ಡಿವಿಡಿಯ ಕತೆ ಸ್ವಲ್ಪ ಬೇರೆ. ಅದು 0.6 ಮಿಲಿಮೀಟರಿನ ಎರಡು ಬಿಲ್ಲೆಗಳನ್ನು ಅಂಟಿಸಿ ಮಾಡಿದ್ದು. ಮಾಹಿತಿ ನಡುವೆ ಇರುತ್ತದೆ. ಆದ್ದರಿಂದ ಮೇಲಿನ ಗೀರಿಗೆ ಅದು ಅಷ್ಟು ಅಂಜುವುದಿಲ್ಲ, ಬಗ್ಗಿಸುವುದಕ್ಕೆ ಅಂಜುತ್ತದೆ. ಪೆಟ್ಟಿಗೆಯಿಂದ ತೆಗೆಯುವಾಗ ನಡುವಿನ ಗುಬುಟನ್ನು ಒತ್ತದೆ ಅಂಚು ಹಿಡಿದು ಎಳೆದರೆ ಬಿಲ್ಲೆ ಬಿಲ್ಲಿನಂತೆ ಬಾಗಿ, ಅಂಟು ಬಿಡುತ್ತದೆ. ಬ್ಲೂ-ರೇ ಡಿಸ್ಕ್ ನಮ್ಮ ಊರುಗಳಲ್ಲಿ ಕಡಿಮೆ. ಅದರಲ್ಲಿ ಮಾಹಿತಿ ಕೆಳಮೈಗೆ ಬರೀ 0.1 ಮಿಲಿಮೀಟರ್ ಹತ್ತಿರ, ಮೇಲೊಂದು ಗಟ್ಟಿ ಲೇಪ. ಅದನ್ನು ಪಾಲಿಶ್ ಮಾಡುವ ಯೋಚನೆಯೇ ಬೇಡ.

ಸಾಮಾನ್ಯ ಸಿಡಿಯ ಮೇಲೆ ಒಂದಿಷ್ಟು ದೂಳು ಕೂತರೆ ಅಷ್ಟೇನೂ ತೊಂದರೆಯಾಗದಿರುವುದಕ್ಕೂ ಈ 1.2 ಮಿಲಿಮೀಟರ್ ದಪ್ಪವೇ ಕಾರಣ. ಲೇಸರ್ ಕಿರಣ ಕೆಳಮೈಯನ್ನು ಹೊಗುವಾಗ ಸುಮಾರು 0.8 ಮಿಲಿಮೀಟರ್ ಅಗಲವಿದ್ದು, ಒಳಗೆ ಮಾಹಿತಿಯ ಪದರ ಮುಟ್ಟುವಷ್ಟರಲ್ಲಿ ಎರಡು ಮೈಕ್ರಾನಿಗಿಂತ ಕಡಿಮೆಯ ಚುಕ್ಕಿಯಾಗುತ್ತದೆ. ಕಿಟಕಿಗೆ ಹಾಕಿದ ಸೊಳ್ಳೆ ಪರದೆಯಾಚೆ ತೋಟ ನೋಡುವಾಗ ಪರದೆಯ ಎಳೆಗಳು ಕಣ್ಣಿಗೆ ಕಾಣದೇ ಹೋಗುವುದಿಲ್ಲವೆ, ಹಾಗೆ ಕೆಳಮೈಯ ಸಣ್ಣ ಕಣಗಳು ಲೇಸರಿನ ನೋಟಕ್ಕೆ ಮಸುಕಾಗಿ ಉಳಿಯುತ್ತವೆ. ಇದರ ಜೊತೆಗೆ ಸಿಡಿಯ ಬರವಣಿಗೆಯಲ್ಲೇ ತಪ್ಪು ತಿದ್ದಿಕೊಳ್ಳುವ ಲೆಕ್ಕಾಚಾರ ಸೇರಿದೆ. ಸಾಲಿನ ಉದ್ದಕ್ಕೆ ಸುಮಾರು 2.5 ಮಿಲಿಮೀಟರಿನಷ್ಟು ಕಾಣೆಯಾದರೂ ಪ್ಲೇಯರ್ ಅದನ್ನು ಅಕ್ಕಪಕ್ಕದ ಲೆಕ್ಕದಿಂದ ತುಂಬಿಕೊಳ್ಳುತ್ತದೆ.

‘ಸಾಲಿನ ಉದ್ದಕ್ಕೆ’ ಎಂಬ ಮಾತನ್ನು ಗಮನಿಸಿ. ಸಿಡಿಯಲ್ಲಿ ಮಾಹಿತಿ ಒಂದೇ ಸುರುಳಿ ಸಾಲಾಗಿ ನಡುವಿನಿಂದ ಅಂಚಿಗೆ ಸುತ್ತುತ್ತ ಹೋಗುತ್ತದೆ. ಪೂರ್ತಿ ತುಂಬಿದ ಸಿಡಿಯ ಸುರುಳಿಯನ್ನು ಬಿಚ್ಚಿದರೆ ಐದು ಕಿಲೋಮೀಟರಿಗೂ ಮೀರುತ್ತದೆ. ಸಾಲಿನಿಂದ ಸಾಲಿಗೆ ಅಂತರ 1.6 ಮೈಕ್ರಾನ್, ಒಂದು ತಲೆಗೂದಲಿನ ದಪ್ಪದೊಳಗೆ ಮೂವತ್ತಕ್ಕೂ ಹೆಚ್ಚು ಸಾಲು ಹಿಡಿಸುತ್ತವೆ. ಡಿವಿಡಿಯಲ್ಲಿ ಈ ಅಂತರ 0.74 ಮೈಕ್ರಾನ್. ನಡುವಿನಿಂದ ಅಂಚಿಗೆ ಬಿದ್ದ ಗೀರು ಪ್ರತಿ ಸಾಲನ್ನೂ ಅಡ್ಡ ದಾಟಿಹೋಗುತ್ತದೆ. ಪ್ರತಿ ಸಾಲಿನಲ್ಲಿ ಕಳೆದುಹೋಗುವುದು ಚೂರೇ ಚೂರು, ಅದನ್ನು ಪ್ಲೇಯರ್ ತಿದ್ದಿಕೊಳ್ಳುತ್ತದೆ. ದುಂಡಗೆ ಬಿದ್ದ ಗೀರು ಸಾಲಿನ ಜೊತೆಜೊತೆಗೇ ಓಡುತ್ತದೆ. ಅಲ್ಲಿ ಉದ್ದಕ್ಕೂ ಮಾಹಿತಿ ಕಾಣೆ, ತಿದ್ದುವುದಕ್ಕೆ ಆಧಾರವೇ ಇಲ್ಲ. ಸಿಡಿಯನ್ನು ಯಾವತ್ತೂ ನಡುವಿನಿಂದ ಅಂಚಿಗೆ ನೇರ ಒರೆಸಬೇಕು, ಸುತ್ತು ಒರೆಸಬಾರದು ಎಂದು ಹೇಳುವುದು ಇದಕ್ಕೇ. ಒರೆಸುವಾಗ ಗೀರು ಬೀಳುವುದು ತಪ್ಪದಿದ್ದರೂ ಬೀಳುವ ಗೀರು ಹಾನಿಯಿಲ್ಲದ ದಿಕ್ಕಿಗೆ ಬೀಳಲಿ.

ನಿಜಕ್ಕೂ ಕೊಳೆಯೇ ಕಾರಣವೆ?

ಸಿಡಿ ಓಡದಿದ್ದರೆ ತಪ್ಪು ಸಿಡಿಯದೇ ಆಗಿರಬೇಕಿಲ್ಲ. ಆರೇಳು ವರ್ಷ ಮುಟ್ಟದೆ ಇಟ್ಟ ಪ್ಲೇಯರಿನ ಲೆನ್ಸ್ ಮೇಲೆ ದೂಳು ಕೂತಿರುತ್ತದೆ, ಅಡುಗೆಮನೆಯ ಜಿಡ್ಡು ಹಿಡಿದಿರುತ್ತದೆ. ಚೆನ್ನಾಗಿದೆಯೆಂದು ಗೊತ್ತಿರುವ ಇನ್ನೊಂದು ಸಿಡಿ ಹಾಕಿ ನೋಡಿ. ಅದೂ ಓಡದಿದ್ದರೆ ಸಿಡಿಯನ್ನು ತಿಕ್ಕಿ ಪ್ರಯೋಜನವಿಲ್ಲ. ಸಿಡಿ ಓಡಿ ಡಿವಿಡಿ ಮಾತ್ರ ಓಡದಿದ್ದರೂ ಪ್ಲೇಯರನ್ನೇ ಸಂಶಯಿಸಿ. ಹೆಚ್ಚಿನ ಯಂತ್ರಗಳಲ್ಲಿ ಎರಡಕ್ಕೂ ಲೇಸರ್ ಬೇರೆ ಬೇರೆ, ಒಂದು ಸೋತು ಇನ್ನೊಂದು ಗಟ್ಟಿಯಿರಬಹುದು. ಪ್ಲೇಯರ್ ಬಿಚ್ಚಿ ಲೆನ್ಸ್ ಒರೆಸುವುದು ಟಿವಿ ರಿಪೇರಿಯವರ ಕೆಲಸ. ಮುಚ್ಚಳ ತೆಗೆದು ಕರೆಂಟು ಕೊಟ್ಟು ಲೇಸರಿನತ್ತ ಇಣುಕುವುದು ಕಣ್ಣಿಗೆ ಅಪಾಯ.

ಬೇರೆ ಡ್ರೈವಿನಲ್ಲಿ ಹಾಕಿ ನೋಡುವುದೂ ಒಂದು ಚಿಕಿತ್ಸೆಯೇ. ಒಂದು ಯಂತ್ರ ನಿರಾಕರಿಸಿದ್ದನ್ನು ಇನ್ನೊಂದು ಸಲೀಸಾಗಿ ಓದುತ್ತದೆ. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಡ್ರೈವ್ ಇಲ್ಲ. ಯುಎಸ್‌ಬಿಗೆ ಚುಚ್ಚುವ ಡಿವಿಡಿ ರೈಟರ್ ಒಂದೆರಡು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತದೆ. ನಾಲ್ಕು ಮನೆಯವರು ಸೇರಿ ಒಂದು ಕೊಂಡರೂ ನಷ್ಟವಿಲ್ಲ.

ಇನ್ನೊಂದು ಪರೀಕ್ಷೆ: ಸಿಡಿಯನ್ನು ಉರಿಯುವ ಬಲ್ಬಿಗೆ ಅಡ್ಡ ಹಿಡಿದು ನೋಡಿ. ಸೂಜಿಮೊನೆಯಷ್ಟು ಬೆಳಕಿನ ಚುಕ್ಕೆಗಳು ಕಂಡರೆ ಅಲ್ಲಿ ಲೋಹದ ಪದರ ಹೋಗಿದೆ ಎಂದರ್ಥ. ಅದನ್ನು ಯಾವ ನೀರೂ ತೊಳೆದು ತರಲಾರದು. ಮೇಲಿನ ಬೆಳ್ಳಿ ಬಣ್ಣ ಹಕ್ಕಳೆಯಾಗಿ ಏಳುತ್ತಿದ್ದರೆ ನೀರೂ ಬೇಡ, ಬಟ್ಟೆಯೂ ಬೇಡ, ಅಂಟಿಸಲೆಂದು ಟೇಪಂತೂ ಬೇಡವೇ ಬೇಡ. ಹಾಗೇ ಡ್ರೈವಿಗೆ ಹಾಕಿ, ಬಂದಷ್ಟು ತೆಗೆದುಕೊಳ್ಳಿ. ಬಿರುಕು ಬಿಟ್ಟ ಸಿಡಿಯನ್ನು ಮಾತ್ರ ಡ್ರೈವಿಗೂ ಹಾಕಬೇಡಿ. ಕಂಪ್ಯೂಟರಿನ ಡ್ರೈವ್ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗಿಸುತ್ತದೆ. ಬಿರುಕಿನ ಬಿಲ್ಲೆ ಒಳಗೇ ಚೂರಾಗುತ್ತದೆ.

ಊರಿಗೊಂದು ಕೊಳೆ

ಜಿಲ್ಲೆ ಒಂದೇ ಆದರೂ ಈ ಮೂರು ತಾಲ್ಲೂಕುಗಳ ಹವೆ ಒಂದೇ ಅಲ್ಲ. ಯಗಟಿ, ಪಂಚನಹಳ್ಳಿ, ಸಿಂಗಟಗೆರೆಯ ಕಡೆ ಬಿಸಿಲು, ಗಾಳಿ, ದೂಳು. ಅಜ್ಜಂಪುರದ ಸುತ್ತ ಎರೆಭೂಮಿ. ಒಣಗಿದಾಗ ಅದರ ಹುಡಿ ಟಾಲ್ಕಂ ಪೌಡರಿನಷ್ಟು ನುಣುಪು, ಒದ್ದೆಯಾದರೆ ಅಂಟು. ತರೀಕೆರೆಯಿಂದ ಲಿಂಗದಹಳ್ಳಿ, ಲಕ್ಕವಳ್ಳಿಯತ್ತ ಸರಿದಂತೆ ಮಲೆನಾಡಿನ ಸೆರಗು. ಆಷಾಢದ ಮಳೆ ಹಿಡಿದರೆ ಬೀರುವಿನೊಳಗಿನ ಚಪ್ಪಲಿಗೂ ಬೂಷ್ಟು. ಕೊಳೆ ಬೇರೆಯಾದ ಹಾಗೆ ಉಪಾಯವೂ ಬೇರೆ.

ಒಣ ದೂಳಿಗೆ ಒರೆಸುವುದೇ ಬೇಡ, ಊದಿದರೆ ಸಾಕು. ಬಾಯಿಂದ ಊದಿದರೆ ಎಂಜಲು ಹಾರುತ್ತದೆ. ಸ್ಟುಡಿಯೊದವರ ಹತ್ತಿರ ಕ್ಯಾಮೆರಾ ಲೆನ್ಸಿಗೆ ಗಾಳಿ ಹಾಕುವ ರಬ್ಬರ್ ಬುರುಡೆ ಇರುತ್ತದೆ, ಅದೇ ಒಳ್ಳೆಯದು. ಪಂಕ್ಚರ್ ಅಂಗಡಿಯ ಗಾಳಿಗೆ ಹಿಡಿಯುವ ಬುದ್ಧಿವಂತಿಕೆ ಬೇಡ. ಆ ಗಾಳಿಯಲ್ಲಿ ಕಂಪ್ರೆಸರಿನ ಎಣ್ಣೆಯೂ ನೀರೂ ಬೆರೆತಿರುತ್ತವೆ. ಊದಿದರೂ ಹೋಗದ ಎರೆಮಣ್ಣಿನ ಅಂಟನ್ನು ಒಣಬಟ್ಟೆಯಿಂದ ತಿಕ್ಕದೆ ನೀರಿನಲ್ಲಿ ನೆನೆಸಿ ಬಿಡಿಸಬೇಕು.

ಬೆರಳ ಗುರುತು ಇನ್ನೊಂದು. ತೆಂಗಿನೆಣ್ಣೆ ಹಚ್ಚಿದ ತಲೆ ನೇವರಿಸಿದ ಕೈ, ಒಗ್ಗರಣೆ ಹಾಕಿದ ಕೈ, ಸುಗ್ಗಿಯಲ್ಲಿ ಅಡಿಕೆ ಸುಲಿದು ಚೊಗರು ಮೆತ್ತಿದ ಕೈ. ಜಿಡ್ಡು ದೂಳಿಗಿಂತ ಕೇಡು. ಅದು ಕಿರಣವನ್ನು ಚದುರಿಸುತ್ತದೆ, ಹೊಸ ದೂಳನ್ನು ಹಿಡಿದಿಟ್ಟುಕೊಳ್ಳುತ್ತದೆ, ಮಳೆಗಾಲದಲ್ಲಿ ಬೂಷ್ಟಿಗೆ ಆಹಾರವೂ ಆಗುತ್ತದೆ. ಸೌದೆ ಒಲೆಯ ಮನೆಗಳಲ್ಲಿ ಅಟ್ಟದ ಮೇಲಿಟ್ಟ ಸಿಡಿಗೆ ಇಲ್ಲಣದ ಕಪ್ಪು ಅಂಟು. ಇವಕ್ಕೆಲ್ಲ ನೀರು, ಸೋಪು ಬೇಕು.

ಯಾವ ನೀರು?

ಕಡೂರು ಬಯಲಿನ ಬೋರ್‌ವೆಲ್ ನೀರು ಎಷ್ಟು ಗಡಸು ಎಂಬುದನ್ನು ಪಾತ್ರೆಯ ತಳದ ಬಿಳಿ ಪದರವೇ ಹೇಳುತ್ತದೆ. ಅದೇ ನೀರಿನಲ್ಲಿ ಸಿಡಿ ತೊಳೆದು ಆರಲು ಬಿಟ್ಟರೆ ಹನಿ ಹನಿ ಆರಿದ ಜಾಗದಲ್ಲೆಲ್ಲ ಸುಣ್ಣದ ಬಿಳಿ ಕಲೆ ಕೂರುತ್ತದೆ. ಆ ಕಲೆಯನ್ನು ತೆಗೆಯಲು ಮತ್ತೆ ತಿಕ್ಕಬೇಕು. ಸಿಡಿ ತೊಳೆಯಲು ಊರಿನ ಶುದ್ಧ ನೀರಿನ ಘಟಕದಿಂದ ಕ್ಯಾನಿನಲ್ಲಿ ತರುವ ನೀರೇ ಸರಿ. ಇನ್ನೂ ಒಳ್ಳೆಯದು ಡಿಸ್ಟಿಲ್ಡ್ ವಾಟರ್. ಇನ್ವರ್ಟರ್ ಬ್ಯಾಟರಿಗೆ ಹಾಕಲು ಬ್ಯಾಟರಿ ಅಂಗಡಿಯಲ್ಲಿ, ಪೆಟ್ರೋಲ್ ಬಂಕಿನಲ್ಲಿ ಬ್ಯಾಟರಿ ನೀರು ಎಂದು ಮಾರುವುದು ಅದೇ. ಕೊಳ್ಳುವಾಗ ಲೇಬಲ್ ಓದಿ. ಬ್ಯಾಟರಿ ಆಸಿಡ್ ಬೇರೆ, ಅದು ಕೈ ಸುಡುತ್ತದೆ.

ಸೋಪು ಎಂದರೆ ಪಾತ್ರೆ ತೊಳೆಯುವ ದ್ರವ, ಒಂದು ಲೋಟ ನೀರಿಗೆ ಒಂದೆರಡು ಹನಿ, ಅದಕ್ಕಿಂತ ಹೆಚ್ಚಿಲ್ಲ. ಪಾತ್ರೆ ಸೋಪಿನ ಬಿಲ್ಲೆ, ಸಬೀನದ ಪುಡಿ, ಬೂದಿ ಮೂರರಲ್ಲೂ ಉಜ್ಜುವ ಹರಳುಗಳಿವೆ. ಕಂಚಿನ ತಂಬಿಗೆಗೆ ಅವು ಒಳ್ಳೆಯವು.

ಇನ್ನು ಬಟ್ಟೆ. ಕನ್ನಡಕದ ಜೊತೆ ಅಂಗಡಿಯವರು ಕೊಡುವ ನುಣುಪು ಬಟ್ಟೆ ಇದೆಯಲ್ಲ, ಮೈಕ್ರೋಫೈಬರ್, ಅದನ್ನು ಒಗೆದು ಒಣಗಿಸಿ ಇದಕ್ಕೇ ಎತ್ತಿಡಿ. ಕನ್ನಡಕ ಒರೆಸಿದ್ದನ್ನೇ ತಂದು ಒರೆಸಬೇಡಿ. ಬಹಳ ಸಲ ಒಗೆದು ಮೆತ್ತಗಾದ ಬಿಳಿ ಹತ್ತಿಬಟ್ಟೆಯಾದರೂ ನಡೆದೀತು, ಅಂಗಳದ ತಂತಿಯ ಮೇಲೆ ದೂಳಿನಲ್ಲಿ ಒಣಗಿರಬಾರದು ಅಷ್ಟೆ. ಟಿಶ್ಯೂ ಪೇಪರ್ ಮೆತ್ತಗೆ ಕಂಡರೂ ಅದು ಮರದ ನಾರು. ನಯವಾದ ಪ್ಲಾಸ್ಟಿಕ್ಕಿನ ಮೇಲೆ ಸಣ್ಣ ಸಣ್ಣ ಗೀರು ಬಿಡುತ್ತದೆ.

ತೊಳೆಯುವ ಕ್ರಮ

ಕೈ ತೊಳೆದು ಪೂರ್ತಿ ಒಣಗಿಸಿಕೊಳ್ಳಿ. ಸಿಡಿಯ ನಡುವಿನ ತೂತಿಗೆ ತೋರುಬೆರಳು, ಅಂಚಿಗೆ ಹೆಬ್ಬೆರಳು. ಎರಡು ಮೈಯನ್ನೂ ಮುಟ್ಟದೆ ಹಿಡಿಯುವುದನ್ನು ಮೊದಲು ರೂಢಿ ಮಾಡಿಕೊಳ್ಳಿ. ಗಾಳಿ ಹಾಕಿ ಸಡಿಲ ದೂಳನ್ನು ಹಾರಿಸಿ. ಈ ಹಂತ ಬಿಟ್ಟು ನೇರ ಒರೆಸಲು ಹೋದರೆ ದೂಳನ್ನೇ ಒತ್ತಿ ತಿಕ್ಕಿದಂತಾಗುತ್ತದೆ. ಇಷ್ಟಕ್ಕೇ ಸಿಡಿ ಶುಭ್ರವಾಗಿ ಕಂಡರೆ ನಿಲ್ಲಿಸಿ, ಡ್ರೈವಿಗೆ ಹಾಕಿ ನೋಡಿ. ಓಡಿತೇ, ಕೂಡಲೇ ನಕಲು ಮಾಡಿ. ತೊಳೆಯುವ ಗೋಜು ಬೇಡ.

ಓಡದಿದ್ದರೆ ಮಾತ್ರ ಮುಂದಕ್ಕೆ. ಬಟ್ಟೆಯ ಮೂಲೆಯನ್ನು ಶುದ್ಧ ನೀರಿನಲ್ಲಿ ಅದ್ದಿ ಹಿಂಡಿ, ಕೆಳಮೈಯನ್ನು ನಡುವಿನಿಂದ ಅಂಚಿಗೆ ಒಂದೇ ಎಳೆತದಲ್ಲಿ ಹಗುರವಾಗಿ ಒರೆಸಿ. ಅಂಚು ದಾಟಿಸಿಯೇ ಕೈ ಎತ್ತಬೇಕು. ಹಿಂದಕ್ಕೂ ಮುಂದಕ್ಕೂ ಆಡಿಸುವುದು ಬೇಡ. ಮುಂದಿನ ಎಳೆತಕ್ಕೆ ಬಟ್ಟೆಯ ಹೊಸ ಜಾಗ. ಹೀಗೆ ಒಂದು ಸುತ್ತು ಪೂರೈಸಿ. ಜಿಡ್ಡಿದ್ದರೆ ಸೋಪಿನ ನೀರಿನಲ್ಲಿ ಇದೇ ಕ್ರಮ, ಆಮೇಲೆ ಬರೀ ನೀರಿನಲ್ಲಿ ಇನ್ನೊಮ್ಮೆ. ಸೋಪು ಉಳಿದರೆ ಅದೇ ಒಂದು ಪೊರೆಯಾಗುತ್ತದೆ.

ಮಣ್ಣು, ಇಲ್ಲಣ ಗಟ್ಟಿಯಾಗಿ ಹಿಡಿದಿದ್ದರೆ ಕೆಳಮೈ ಮೇಲೆ ಸೋಪಿನ ನೀರಿನ ಹನಿಗಳನ್ನು ಬಿಟ್ಟು ಒಂದೆರಡು ನಿಮಿಷ ನೆನೆಯಲು ಬಿಡಿ. ಅಂಗಡಿಯಿಂದ ತಂದ ಅಚ್ಚಿನ ಸಿಡಿಯನ್ನು ನಲ್ಲಿಯ ಕೆಳಗೆ ಹಿಡಿದರೂ ಬಾಧಕವಿಲ್ಲ, ಆಮೇಲೆ ಶುದ್ಧ ನೀರಿನಲ್ಲಿ ಜಾಲಿಸಬೇಕು. ಸ್ಟುಡಿಯೊದವರು ಬರೆದುಕೊಟ್ಟ ಮದುವೆ ಸಿಡಿಗೆ ಈ ಉಪಚಾರ ಬೇಡ. ಅದರ ಮೇಲೆ ಹೃದಯದಾಕಾರದ ಚೌಕಟ್ಟಿನಲ್ಲಿ ವಧೂವರರ ಫೋಟೊದ ಚೀಟಿ ಅಂಟಿಸಿರುತ್ತಾರೆ, ಇಲ್ಲವೇ ಇಂಕ್‌ಜೆಟ್ ಮುದ್ರಣವಿರುತ್ತದೆ. ಚೀಟಿ ನೆಂದರೆ ಉಬ್ಬುತ್ತದೆ, ಮುದ್ರಣ ಕರಗಿ ಹರಿಯುತ್ತದೆ. ಅರ್ಧ ಎದ್ದ ಚೀಟಿಯನ್ನು ಕಿತ್ತು ತೆಗೆಯೋಣವೆನಿಸುತ್ತದೆ. ಕಿತ್ತರೆ ಮೆರುಗೆಣ್ಣೆ, ಬೆಳ್ಳಿ, ಮದುವೆ ಮೂರೂ ಚೀಟಿಯ ಜೊತೆಗೆ ಬರುತ್ತವೆ.

ಒಣಗಿಸುವುದು ನೆರಳಿನಲ್ಲಿ, ಅಂಚಿನ ಮೇಲೆ ನಿಲ್ಲಿಸಿ. ಬಿಸಿಲಿಗೆ ಇಡಬಾರದು. ಸ್ಟುಡಿಯೊದಲ್ಲೋ ಮನೆಯಲ್ಲೋ ಬರೆದ ಸಿಡಿ-ಆರ್‌ಗಳಲ್ಲಿ ಮಾಹಿತಿ ಇರುವುದು ಬಣ್ಣದ ರಾಸಾಯನಿಕ ಪದರದಲ್ಲಿ; ಕೆಳಮೈ ಹಸಿರಾಗಿಯೋ ನೀಲಿಯಾಗಿಯೋ ಕಾಣುವುದು ಅದರಿಂದಲೇ. ಬಿಸಿಲು ಆ ಬಣ್ಣವನ್ನು ಮಾಸಿಸುತ್ತದೆ. ಹೇರ್ ಡ್ರೈಯರ್ ಕೂಡ ಬೇಡ, ಬಿಲ್ಲೆ ಸೊಟ್ಟಗಾದೀತು.

ಸ್ಪಿರಿಟ್, ಥಿನ್ನರ್ ಇತ್ಯಾದಿ

ಸೋಪಿಗೂ ಜಗ್ಗದ ಜಿಡ್ಡಿಗೆ ಐಸೊಪ್ರೊಪೈಲ್ ಆಲ್ಕೊಹಾಲ್, ಮೊಬೈಲ್ ರಿಪೇರಿಯವರ ಭಾಷೆಯಲ್ಲಿ ಐಪಿಎ. ಕಡೂರು, ಬೀರೂರು, ತರೀಕೆರೆಯ ಯಾವ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೇಳಿದರೂ ಗೊತ್ತು. ಬೋರ್ಡ್ ತೊಳೆಯಲು ಅದನ್ನೇ ಬಳಸುವುದು. ಬಟ್ಟೆಗೆ ನಾಲ್ಕು ಹನಿ ಹಾಕಿ ಕೆಳಮೈಯನ್ನು ಒರೆಸಿ, ಮೇಲ್ಮೈಗೆ ತಾಗಿಸಬೇಡಿ. ಒಲೆ, ಊದುಬತ್ತಿ, ದೀಪ ಹತ್ತಿರ ಇರಬಾರದು, ಕಿಟಕಿ ತೆರೆದಿರಲಿ. ಮೆಡಿಕಲ್ ಸ್ಟೋರಿನ ಸರ್ಜಿಕಲ್ ಸ್ಪಿರಿಟ್ ಎಲ್ಲ ಒಂದೇ ಅಲ್ಲ. ಕೆಲವದರಲ್ಲಿ ಚರ್ಮಕ್ಕಾಗಿ ಎಣ್ಣೆಯಂಶ ಬೆರೆಸಿರುತ್ತಾರೆ. ಒಂದು ಗಾಜಿನ ಮೇಲೆ ಹನಿ ಬಿಟ್ಟು ಆರಿದ ಮೇಲೆ ನೋಡಿ, ಕಲೆ ಉಳಿದರೆ ಅದು ಬೇಡ.

ಥಿನ್ನರ್, ಪೆಟ್ರೋಲ್, ಸೀಮೆಎಣ್ಣೆ, ಉಗುರುಬಣ್ಣ ತೆಗೆಯುವ ದ್ರವ, ಇವು ಸಿಡಿಯ ಶತ್ರುಗಳು. ಅಸಿಟೋನ್, ಥಿನ್ನರ್ ತಗುಲಿದರೆ ಪಾಲಿಕಾರ್ಬೊನೇಟ್ ಕ್ಷಣದಲ್ಲಿ ಹಾಲಿನಂತೆ ಬೆಳ್ಳಗಾಗಿ ಬಿರಿಯುತ್ತದೆ, ಮತ್ತೆ ತಿಳಿಯಾಗುವುದಿಲ್ಲ. ಕಿಟಕಿ ಗಾಜು ಒರೆಸುವ ನೀಲಿ ದ್ರವದಲ್ಲೂ ಅಮೋನಿಯಾ ಇರಬಹುದು, ದೂರವಿಡಿ.

ತರೀಕೆರೆ ಕಡೆಯ ಬೂಷ್ಟಿಗೆ ಪ್ರತ್ಯೇಕ ಎಚ್ಚರಿಕೆ. ಬೂಷ್ಟು ಕಂಡ ಸಿಡಿಯನ್ನು ಬೇರೆ ಸಿಡಿಗಳಿಂದ ತೆಗೆದು, ಮೂಗಿಗೆ ಮಾಸ್ಕ್ ಹಾಕಿ, ಜಗಲಿಯಲ್ಲೋ ಅಂಗಳದಲ್ಲೋ ಒರೆಸಿ. ಒಣಗಿದ್ದಾಗ ಬ್ರಷ್ಷಿನಿಂದ ಕೊಡವಿದರೆ ಅದರ ಬೀಜಕಣ ಮನೆತುಂಬ ಹಾರುತ್ತದೆ. ಐಪಿಎ ತಾಗಿಸಿದ ಬಟ್ಟೆಯಿಂದ ಒರೆಸಿ, ಬಟ್ಟೆಯನ್ನು ಎಸೆದುಬಿಡಿ. ಹಳೆಯ ಪೆಟ್ಟಿಗೆಯನ್ನೂ ಸೋಪಿನಲ್ಲಿ ತೊಳೆಯಿರಿ, ಇಲ್ಲದಿದ್ದರೆ ಮುಂದಿನ ಮಳೆಗೆ ಮತ್ತೆ ಶುರು. ಮೇಲೆ ಕೂತ ಬೂಷ್ಟು ಹೀಗೆ ಹೋಗುತ್ತದೆ. ಅಂಚಿನಿಂದ ಒಳಹೊಕ್ಕು ಬೇರಿನಂತೆ ಕವಲೊಡೆದ ಗೆರೆಗಳು ಕಂಡರೆ ಅದು ಪದರದೊಳಗೇ ಇದೆ. ಮಧ್ಯ ಅಮೆರಿಕದ ಬೆಲೀಜ್‌ನಲ್ಲಿ ಸಿಡಿಯ ಪ್ಲಾಸ್ಟಿಕ್ಕನ್ನೂ ಲೋಹವನ್ನೂ ತಿಂದ ಶಿಲೀಂಧ್ರವೊಂದನ್ನು ಸ್ಪೇನಿನ ವಿಜ್ಞಾನಿಗಳು 2001ರಲ್ಲಿ ವರದಿ ಮಾಡಿದ್ದರು. ಸೆಕೆಯೂ ತೇವವೂ ಒಟ್ಟಾದ ಊರಿನ ಕತೆ ಅದು.

ಟೂತ್‌ಪೇಸ್ಟಿನ ವಿಚಾರ

ಗೀರು ಬಿದ್ದ ಸಿಡಿಗೆ ಟೂತ್‌ಪೇಸ್ಟ್ ಹಚ್ಚುವ ಸಲಹೆ ಯಾರಾದರೂ ಕೊಟ್ಟೇ ಕೊಡುತ್ತಾರೆ. ಅದರಲ್ಲಿ ಪೂರಾ ಸುಳ್ಳೂ ಇಲ್ಲ. ಕೆಳಮೈಯ ಗೀರು ಕಿರಣವನ್ನು ಬೇರೆ ದಿಕ್ಕಿಗೆ ಬಾಗಿಸುತ್ತದೆ. ಗೀರಿನ ಅಂಚನ್ನು ಸವೆಸಿ ನುಣುಪು ಮಾಡಿದರೆ ಕಿರಣ ಮತ್ತೆ ನೆಟ್ಟಗೆ ಹೋಗುತ್ತದೆ. ಪೇಸ್ಟಿನಲ್ಲಿ ಹಲ್ಲು ಉಜ್ಜುವ ಸಣ್ಣ ಹರಳುಗಳಿರುವುದರಿಂದ ಸ್ವಲ್ಪ ಸವೆಯುವುದು ನಿಜ. ಆದರೆ ಆ ಹರಳುಗಳ ಗಾತ್ರ ಒಂದೊಂದು ಪೇಸ್ಟಿನಲ್ಲಿ ಒಂದೊಂದು. ಒಂದು ದೊಡ್ಡ ಗೀರು ತೆಗೆಯಲು ಹೋಗಿ ನೂರು ಸಣ್ಣ ಗೀರು ಮಾಡಿಟ್ಟು, ಸಿಡಿ ಮಂಜು ಕವಿದಂತಾಗುವುದೇ ಹೆಚ್ಚು. ಪ್ರಯತ್ನ ಮಾಡಲೇಬೇಕೆಂದರೆ ಕಾರಿನ ಬಿಡಿಭಾಗದ ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಪಾಲಿಶ್ ಮೇಲು. ಕಾರಿನ ಹೆಡ್‌ಲೈಟ್ ಗಾಜೆಂದು ನಾವು ಕರೆಯುವುದು ಕೂಡ ಪಾಲಿಕಾರ್ಬೊನೇಟೇ. ಅತ್ಯಂತ ನುಣುಪಿನದನ್ನು ಕೇಳಿ ತಂದು, ಮೊದಲು ಬೇಡದ ಸಿಡಿಯ ಮೇಲೆ ನೋಡಿ, ಗೀರಿರುವಷ್ಟೇ ಜಾಗದಲ್ಲಿ, ನಡುವಿನಿಂದ ಅಂಚಿಗೆ ಉಜ್ಜಿ. ಬೇರೆ ಡ್ರೈವ್, ಡ್ರೈವಿನ ವೇಗ ತಗ್ಗಿಸಿ ಓದಿಸುವುದು, ಮುಂದೆ ಹೇಳುವ ತಂತ್ರಾಂಶ ಎಲ್ಲ ಸೋತ ಮೇಲಿನ ಮಾತಿದು. ಮೇಲ್ಮೈಯ ಗೀರಿಗೆ ಯಾವ ಪಾಲಿಶೂ ಇಲ್ಲ.

ಬಾಳೆಹಣ್ಣಿನ ಸಿಪ್ಪೆ, ಫ್ರಿಜ್ಜಿನಲ್ಲಿಡುವುದು, ಕೊಬ್ಬರಿ ಎಣ್ಣೆ ಸವರುವುದು ಮುಂತಾದವನ್ನು ಚರ್ಚಿಸುವ ಅಗತ್ಯ ನನಗೆ ಕಾಣುವುದಿಲ್ಲ.

ಸ್ಕ್ಯಾನ್ ಸಿಡಿ

ಶಿವಮೊಗ್ಗ, ಚಿಕ್ಕಮಗಳೂರು, ಮಣಿಪಾಲ, ಬೆಂಗಳೂರಿನಿಂದ ತಂದ ಸ್ಕ್ಯಾನಿನ ಸಿಡಿಗಳಷ್ಟು ಅನಾದರಕ್ಕೆ ಒಳಗಾದ ಸಿಡಿ ಬೇರೆ ಇಲ್ಲ. ರಿಪೋರ್ಟಿನ ಹಾಳೆಗೆ ಸೇರಿಸಿ ಪಿನ್ನು ಹೊಡೆದಿರುತ್ತಾರೆ, ಬಾಲ್‌ಪೆನ್ನಿನಲ್ಲಿ ಒತ್ತಿ ಮೇಲೆ ಹೆಸರು ಬರೆದಿರುತ್ತಾರೆ, ಲಕೋಟೆಯನ್ನು ಮೊಳೆಗೆ ನೇತುಹಾಕಿರುತ್ತಾರೆ. ಎರಡು ವರ್ಷದ ನಂತರ ನೋವು ಮರುಕಳಿಸಿದಾಗ ಡಾಕ್ಟರು ಮೊದಲು ಕೇಳುವುದು ಹಳೆಯ ಸ್ಕ್ಯಾನನ್ನು, ಹೋಲಿಸಿ ನೋಡಬೇಕಲ್ಲ. ಇದನ್ನು ಒರೆಸುವ ಪ್ರಮೇಯವೇ ಬರಬಾರದು. ತಂದ ದಿನವೇ ಸಿಡಿಯಲ್ಲಿರುವ ಎಲ್ಲ ಫೋಲ್ಡರುಗಳನ್ನೂ ಇದ್ದಂತೆಯೇ ಪೆನ್‌ಡ್ರೈವಿಗೆ ಹಾಕಿಸಿ. ಒಳಗಿನ ಫೈಲುಗಳಿಗೆ ಹೆಸರಿನ ಕೊನೆಯಲ್ಲಿ ಬಾಲವಿಲ್ಲದೆ ಬರೀ ಅಂಕಿಗಳಿರಬಹುದು. ಡೈಕಾಮ್ ಎಂಬ ವೈದ್ಯಕೀಯ ಮಾದರಿಯ ಚಿತ್ರಗಳವು. ‘ಇದೇನೋ ಕಸ’ ಎಂದು ಸೈಬರ್ ಸೆಂಟರಿನ ಹುಡುಗ ಅಳಿಸದಂತೆ ನೋಡಿಕೊಳ್ಳಿ. ಸಿಡಿಯ ಮೇಲೆ ಬರೆಯಲೇಬೇಕಿದ್ದರೆ ನೀರಿನ ಶಾಯಿಯ ಮೆತ್ತನೆ ಮೊನೆಯ ಮಾರ್ಕರ್, ಅದೂ ನಡುವಿನ ತೂತಿನ ಸುತ್ತಲ ಪಾರದರ್ಶಕ ಉಂಗುರದಲ್ಲಿ. ಅಲ್ಲಿ ಮಾಹಿತಿ ಇರುವುದಿಲ್ಲ.

ಕೋರ್ಟು ಕೇಸಿಗೆ ಸೇರಿದ ಸಿಡಿಯಿದ್ದರೆ ಒರೆಸುವುದಿರಲಿ, ಲಕೋಟೆಯನ್ನೂ ತೆರೆಯದೆ ವಕೀಲರನ್ನು ಕೇಳಿ.

ನಕಲು ತೆಗೆಯುವಾಗ

ವಿಸಿಡಿಯನ್ನು ಕಂಪ್ಯೂಟರಿನಲ್ಲಿ ತೆರೆದರೆ ‘ಎಂಪೆಗ್ ಎವಿ’ ಎಂಬ ಫೋಲ್ಡರ್ ಇರುತ್ತದೆ. ಅದರೊಳಗೆ ‘ಡ್ಯಾಟ್’ ಎಂದು ಕೊನೆಗೊಳ್ಳುವ ದೊಡ್ಡ ಫೈಲೇ ನಿಮ್ಮ ಮದುವೆ. ಹಾರ್ಡ್‌ಡಿಸ್ಕಿಗೆ ಎಳೆದು ಹಾಕಿದರೆ ವಿಎಲ್‌ಸಿ ಪ್ಲೇಯರಿನಲ್ಲಿ ನೇರ ಓಡುತ್ತದೆ. ಡಿವಿಡಿಯಲ್ಲಾದರೆ ‘ವಿಡಿಯೊ ಟಿಎಸ್’ ಫೋಲ್ಡರನ್ನು ಇಡಿಯಾಗಿ ನಕಲಿಸಿ. ನಡುವೆ ಒಂದು ಕಡೆ ಓದಲಾಗದಿದ್ದರೆ ವಿಂಡೋಸ್ ಕೈಚೆಲ್ಲಿ ಪೂರ್ತಿ ಫೈಲನ್ನೇ ಬಿಟ್ಟುಬಿಡುತ್ತದೆ. ಅಲ್ಲಿ ಸಿಡಿಯನ್ನು ಮತ್ತೆ ತೆಗೆದು ತಿಕ್ಕಲು ಹೋಗಬೇಡಿ. ಕೆಟ್ಟ ಭಾಗ ಹಾರಿಸಿ ಮಿಕ್ಕದ್ದನ್ನು ಉಳಿಸುವ ತಂತ್ರಾಂಶಗಳಿವೆ. ಲಿನಕ್ಸಿನ ಡಿಡಿರೆಸ್ಕ್ಯೂ ಉಚಿತ, ಅದು ಒಂದು ಡ್ರೈವಿನಲ್ಲಿ ಓದಲಾಗದ ತುಣುಕನ್ನು ಇನ್ನೊಂದು ಡ್ರೈವಿನಿಂದ ತುಂಬಿಸಿಕೊಳ್ಳಲೂ ಬಲ್ಲದು. ಮಗನೋ ಮಗಳೋ ಕಂಪ್ಯೂಟರ್ ಓದಿದ್ದರೆ ದೀಪಾವಳಿಗೆ ಊರಿಗೆ ಬಂದಾಗ ಹೇಳಿ.

ನಕಲು ಎರಡು ಕಡೆ ಇರಲಿ, ಒಂದು ಮನೆಯಲ್ಲಿ, ಇನ್ನೊಂದು ಬೇರೆ ಊರಿನ ನಂಟರಲ್ಲಿ. ಮೂಲ ಸಿಡಿಯನ್ನು ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ, ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿ, ಕತ್ತಲಿನಲ್ಲಿಡಿ. ಅಮೆರಿಕದ ನಿಸ್ಟ್ ಸಂಸ್ಥೆ ಗ್ರಂಥಾಲಯಗಳಿಗೆಂದು 2003ರಲ್ಲಿ ತಂದ ಕೈಪಿಡಿ 4ರಿಂದ 20 ಡಿಗ್ರಿ ಉಷ್ಣಾಂಶ, ಶೇ 20ರಿಂದ 50 ತೇವಾಂಶ ಎನ್ನುತ್ತದೆ. ಏಪ್ರಿಲ್‌ನ ಕಡೂರಿಗೂ ಜುಲೈನ ಲಕ್ಕವಳ್ಳಿಗೂ ಇದು ಆಗದ ಮಾತು. ತಗಡಿನ ಚಾವಣಿಯ ಕೆಳಗಿನ ಅಟ್ಟ, ಅಡುಗೆಮನೆ, ಕಾರಿನ ಡ್ಯಾಶ್‌ಬೋರ್ಡ್ ಈ ಮೂರನ್ನು ತಪ್ಪಿಸಿ, ನಡುಮನೆಯ ಬೀರುವಿನ ಕೆಳಗಿನ ಅರೆಯಲ್ಲಿ ಇಟ್ಟರೂ ಸಾಕಷ್ಟಾಯಿತು. ಮಳೆಯ ಸೀಮೆಯವರು ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಲಿ. ಅಕ್ಕಿ ಕಾಳು ಹಾಕಿದರೆ ಹುಳು ಬರುತ್ತದೆ.

ಪೂರ್ತಿ ಸತ್ತ ಸಿಡಿಗಳನ್ನು ಜೋಳದ ಹೊಲದಲ್ಲಿ ಹಕ್ಕಿ ಬೆದರಿಸಲು ಕಟ್ಟುವವರು ಕಟ್ಟಲಿ, ಒಳ್ಳೆಯ ಉಪಯೋಗವೇ. ಕಟ್ಟುವ ಮೊದಲು ಅವುಗಳ ಮೇಲೆ ಬರೆದ ಹೆಸರನ್ನು ಒಮ್ಮೆ ಓದಿಕೊಳ್ಳಿ, ಮತ್ತು ಬಚ್ಚಲೊಲೆಗೆ ಹಾಕಿ ಸುಡಬೇಡಿ, ಆ ಹೊಗೆ ಒಳ್ಳೆಯದಲ್ಲ.

ನಕಲು ಸರಿಯಾಗಿ ಬಂದಿದೆಯೇ ಎಂದು ನೋಡುವವರು ಹೆಚ್ಚಾಗಿ ಮೊದಲ ಐದು ನಿಮಿಷ, ಗಣಪತಿ ಪೂಜೆಯವರೆಗೆ ನೋಡಿ ‘ಬಂದಿದೆ’ ಎಂದು ಎದ್ದುಬಿಡುತ್ತಾರೆ. ಸಿಡಿ ಬರೆಯುವುದು ನಡುವಿನಿಂದ ಅಂಚಿಗೆ. ಬೆರಳು ತಾಗುವುದು, ತೇವ ಹೊಗುವುದು, ಗೀರು ಬೀಳುವುದೆಲ್ಲ ಅಂಚಿನಲ್ಲೇ ಹೆಚ್ಚು. ಆದ್ದರಿಂದ ಮೊದಲು ನೋಡಬೇಕಾದದ್ದು ಕೊನೆಯ ಹತ್ತು ನಿಮಿಷ, ಹೆಣ್ಣೊಪ್ಪಿಸುವ ಭಾಗ. ಅದು ತಡೆಯದೆ ಓಡಿದರೆ, ನಡುವೆ ಎರಡು ಕಡೆ ಎಳೆದು ನೋಡಿ, ಸಿಡಿಯನ್ನು ಪೆಟ್ಟಿಗೆಗೆ ಹಾಕಿಬಿಡಿ.